ಆಂಟಿವೈರಸ್ಸಿಗೆ ನಾವೇ ಕೊಟ್ಟ ವಿನಾಯಿತಿಗಳು

ಗಂಗಾವತಿಯ ಕೆಲವು ಅಕ್ಕಿ ಗಿರಣಿಗಳ ಮತ್ತು ದಲಾಲಿ ಅಂಗಡಿಗಳ ಲೆಕ್ಕಪತ್ರದ ಕೆಲಸವನ್ನು ನಾನು ಮನೆಯಲ್ಲಿ ಕುಳಿತೇ ಮಾಡುತ್ತೇನೆ. ಹೀಗಾಗಿ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮಕ್ಕಳ ಓದಿನ ಫೈಲುಗಳ ಪಕ್ಕದಲ್ಲಿಯೇ ಬೇರೆಯವರ ಜಿಎಸ್‌ಟಿ ವಿವರಗಳು, ಬ್ಯಾಂಕ್ ಸ್ಟೇಟ್‌ಮೆಂಟುಗಳು ಮತ್ತು ಭತ್ತದ ಖರೀದಿ ಪಟ್ಟಿಗಳು ಇರುತ್ತವೆ. ಈ ಕೆಲಸ ಗೊತ್ತಿರುವ ಪರಿಚಯದವರು ನನ್ನನ್ನು ಸಾಮಾನ್ಯವಾಗಿ ಕೇಳುವುದು ಯಾವ ಆಂಟಿವೈರಸ್ ಒಳ್ಳೆಯದು, ಅದರ ವರ್ಷದ ದರ ಎಷ್ಟು ಎಂಬುದನ್ನು. ದರದ ಮಾತಿಗೆ ಮೊದಲು, ಈಗಾಗಲೇ ಕಂಪ್ಯೂಟರಿನಲ್ಲಿರುವ ಆಂಟಿವೈರಸ್ಸಿಗೆ ಯಾವುದನ್ನು ನೋಡಬೇಡ ಎಂದು ಹೇಳಿಟ್ಟಿದ್ದೇವೆ ಎಂಬುದನ್ನು ಪರೀಕ್ಷಿಸಬೇಕು ಎಂದು ನಾನು ಅವರಿಗೆ ಹೇಳುತ್ತೇನೆ.

ಕಾರಟಗಿಯಲ್ಲಿರುವ ನಮ್ಮ ಸೋದರಮಾವನ ಮನೆಯಲ್ಲಿ ಬಿಡಿಭಾಗಗಳನ್ನು ಜೋಡಿಸಿ ಕೊಟ್ಟ ಒಂದು ಕಂಪ್ಯೂಟರ್ ಇದೆ. ವಿಂಡೋಸಿನ ಜೊತೆಗೇ ಬರುವ ಆಂಟಿವೈರಸ್ಸಾದ ಡಿಫೆಂಡರಿನ ಸ್ಥಿತಿಯನ್ನು ತೋರಿಸುವ ವಿಂಡೋಸ್ ಸೆಕ್ಯುರಿಟಿಯನ್ನು ಅದರಲ್ಲಿ ತೆರೆದಾಗ ಎಲ್ಲ ಕಡೆಯೂ ಹಸಿರು ಗುರುತುಗಳಿದ್ದವು, ಸ್ಕ್ಯಾನ್ ಮಾಡಿಸಿದರೆ ಯಾವ ಅಪಾಯವೂ ಇಲ್ಲವೆಂಬ ಉತ್ತರ ಬೇಗನೆ ಬರುತ್ತಿತ್ತು. ಆ ಉತ್ತರ ಬರುತ್ತಿದ್ದ ವೇಗವೇ ನನಗೆ ಸರಿ ಕಾಣಲಿಲ್ಲ. 'ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್' ಎಂಬಲ್ಲಿಗೆ ಹೋಗಿ, 'ಮ್ಯಾನೇಜ್ ಸೆಟ್ಟಿಂಗ್ಸ್' ಒತ್ತಿ, ಪುಟದ ಕೆಳತುದಿಯಲ್ಲಿರುವ 'ಎಕ್ಸ್‌ಕ್ಲೂಷನ್ಸ್', ಅಂದರೆ ವಿನಾಯಿತಿಗಳು, ಎಂಬ ಪಟ್ಟಿಯನ್ನು ತೆರೆದು ನೋಡಿದರೆ, ಅಲ್ಲಿ ಸಿ ಡ್ರೈವ್ ಇಡಿಯಾಗಿ ನಮೂದಾಗಿತ್ತು. ವಿಂಡೋಸ್ ಇರುವುದು, ಕಾರ್ಯಕ್ರಮಗಳು ಇರುವುದು, ಡೌನ್‌ಲೋಡ್ ಮಾಡಿದ್ದೆಲ್ಲ ಬಂದು ಬೀಳುವುದು ಆ ಸಿ ಡ್ರೈವಿನಲ್ಲಿಯೇ. ಹೀಗೆ ವಿನಾಯಿತಿ ಪಡೆದ ಜಾಗವನ್ನು ಡಿಫೆಂಡರ್ ಫೈಲ್ ತೆರೆಯುವಾಗಲೂ ನೋಡುವುದಿಲ್ಲ, ಸ್ಕ್ಯಾನ್ ಮಾಡುವಾಗಲೂ ನೋಡುವುದಿಲ್ಲ. ಪರವಾನಗಿ ಕೊಳ್ಳದೆ ವಿಂಡೋಸ್ ಹಾಕುವಾಗ ಬಳಸುವ ಆ್ಯಕ್ಟಿವೇಟರನ್ನು ಡಿಫೆಂಡರ್ ಹಿಡಿದುಹಾಕುತ್ತದೆ. ಹಾಗಾಗಿ ಜೋಡಿಸಲು ಬಂದ ಹುಡುಗ, "ಯಜಮಾನ್ರ, ಇದನ್ನ ಬಂದ್ ಮಾಡದಿದ್ರ ವಿಂಡೋಸ್ ಆ್ಯಕ್ಟಿವೇಟ್ ಆಗಂಗಿಲ್ರಿ" ಎಂದು ಹೇಳಿ ಆ ಸಾಲನ್ನು ಸೇರಿಸಿ ಹೋಗಿದ್ದನಂತೆ. ಆ ಹುಡುಗನಿಗೆ ಕೆಟ್ಟ ಉದ್ದೇಶವಿತ್ತೆಂದು ನಾನು ಭಾವಿಸುವುದಿಲ್ಲ. ಆದರೆ ಕಳ್ಳ ಆ್ಯಕ್ಟಿವೇಟರುಗಳಲ್ಲಿ ಪಾಸ್‌ವರ್ಡ್ ಕದಿಯುವ ಕಾರ್ಯಕ್ರಮಗಳನ್ನು ಸೇರಿಸಿ ಹಂಚುವ ಪದ್ಧತಿ ಹಳೆಯದು, ಮತ್ತು ನೋಡುವ ಕಣ್ಣನ್ನು ಮೊದಲೇ ಮುಚ್ಚಿಸಿರುವುದರಿಂದ ಒಳಗೆ ಏನು ಬಂತು ಎಂಬುದು ಅಂಗಡಿಯವನಿಗೂ ತಿಳಿಯುವುದಿಲ್ಲ, ಮನೆಯವರಿಗೂ ತಿಳಿಯುವುದಿಲ್ಲ. ಪರವಾನಗಿಗೆ ಹಣ ಕೊಡಲು ಆಗದಿದ್ದರೆ ಉಬುಂಟುವಿನಂತಹ ಉಚಿತ ವ್ಯವಸ್ಥೆಯನ್ನು ಹಾಕಿಸಿಕೊಳ್ಳುವುದು ಇದಕ್ಕಿಂತ ಎಷ್ಟೋ ಮೇಲು.

ವಿನಾಯಿತಿಗಳೆಲ್ಲವೂ ತಪ್ಪೆಂದು ನಾನು ಹೇಳುತ್ತಿಲ್ಲ. ಟ್ಯಾಲಿಯಂತಹ ಲೆಕ್ಕದ ತಂತ್ರಾಂಶ ನಿಧಾನವಾದಾಗ ಅದರ ದತ್ತಾಂಶವಿರುವ ಒಂದು ಫೋಲ್ಡರನ್ನು ಪಟ್ಟಿಗೆ ಸೇರಿಸುವುದು ರೂಢಿಯಲ್ಲಿದೆ, ಅದಕ್ಕೆ ಕಾರಣವೂ ಇದೆ. ಪಟ್ಟಿಯ ಪ್ರತಿಯೊಂದು ಸಾಲಿಗೂ ಯಾರು ಸೇರಿಸಿದರು, ಏಕೆ ಸೇರಿಸಿದರು ಎಂದು ಮನೆಯವರು ಹೇಳುವಂತಿರಬೇಕು. ಹೇಳಲಾಗದ ಸಾಲನ್ನು ತೆಗೆದುಹಾಕಿ ಪೂರ್ಣ ಸ್ಕ್ಯಾನ್ ಮಾಡಿಸಬೇಕು.

ಆಂಟಿವೈರಸ್ ಮಾಡುವ ಕೆಲಸವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅದು ಫೈಲಿನ ಒಳಗಿನ ರಚನೆಯನ್ನು ತನ್ನ ಬಳಿ ಇರುವ, ಈಗಾಗಲೇ ಗೊತ್ತಿರುವ ವೈರಸ್‌ಗಳ ಗುರುತುಗಳೊಂದಿಗೆ ಹೋಲಿಸುತ್ತದೆ. ಗುರುತು ಸಿಗದಿದ್ದರೆ ಆ ಕಾರ್ಯಕ್ರಮದ ನಡವಳಿಕೆಯನ್ನು ಗಮನಿಸುತ್ತದೆ, ಒಮ್ಮೆಲೇ ನೂರಾರು ಫೈಲುಗಳನ್ನು ತಿದ್ದತೊಡಗಿತೇ, ಪಾಸ್‌ವರ್ಡ್ ಇಟ್ಟ ಜಾಗಕ್ಕೆ ಕೈ ಹಾಕಿತೇ ಎಂದು ನೋಡುತ್ತದೆ. ಅದು ಎಚ್ಚರವಾಗಿದೆಯೇ ಎಂದು ಪರೀಕ್ಷಿಸಲು ಐಕಾರ್ ಎಂಬ ಪರೀಕ್ಷಾ ಫೈಲ್ ಇದೆ. 68 ಅಕ್ಷರಗಳ ಆ ಸಾಲು ಯಾರಿಗೂ ಏನೂ ಹಾನಿ ಮಾಡುವುದಿಲ್ಲ, ಆದರೆ ಅದನ್ನು ಕಂಡ ಕೂಡಲೇ ಎಚ್ಚರಿಕೆ ಕೊಡಬೇಕೆಂದು ಆಂಟಿವೈರಸ್ ತಯಾರಕರೆಲ್ಲ ಒಪ್ಪಿಕೊಂಡಿದ್ದಾರೆ. ನೋಟ್‌ಪ್ಯಾಡಿನಲ್ಲಿ ಆ ಸಾಲನ್ನು ಉಳಿಸಿದ ಮೇಲೂ ನಿಮ್ಮ ಆಂಟಿವೈರಸ್ ಸುಮ್ಮನಿದ್ದರೆ, ಅದನ್ನು ಯಾರೋ ನಿಲ್ಲಿಸಿದ್ದಾರೆ ಅಥವಾ ಆ ಜಾಗಕ್ಕೆ ವಿನಾಯಿತಿ ಇದೆ ಎಂದು ತಿಳಿಯಬೇಕು.

ವೈರಸ್ ಬೇರೆ, ನಮ್ಮ ವಿವರಗಳನ್ನು ಗುಟ್ಟಾಗಿ ಕದ್ದು ಕಳುಹಿಸುವ ಸ್ಪೈವೇರ್ ಬೇರೆ ಎಂಬ ಭಾವನೆ ಒಂದು ಕಾಲದಲ್ಲಿ ತಂತ್ರಾಂಶ ತಯಾರಕರಿಗೂ ಇತ್ತು. ಮೈಕ್ರೋಸಾಫ್ಟ್ 2004ರ ಕೊನೆಯಲ್ಲಿ ಜಯಂಟ್ ಎಂಬ ಸಣ್ಣ ಕಂಪನಿಯನ್ನು ಕೊಂಡು, ಅದರ ಸ್ಪೈವೇರ್ ವಿರೋಧಿ ತಂತ್ರಾಂಶವನ್ನು ಬೆಳೆಸಿ, 2006ರಲ್ಲಿ ವಿಂಡೋಸ್ ಡಿಫೆಂಡರ್ ಎಂದು ಬಿಡುಗಡೆ ಮಾಡಿತು. ಆಗ ಅದು ವೈರಸ್ಸನ್ನು ತಡೆಯುವ ಕೆಲಸ ಮಾಡುತ್ತಿರಲಿಲ್ಲ. 2012ರ ವಿಂಡೋಸ್ 8ರಿಂದ ಎರಡೂ ಕೆಲಸಗಳು ಒಂದರಲ್ಲಿಯೇ ಸೇರಿದವು. ತಂತ್ರಾಂಶ ಒಂದಾದರೂ ಸ್ಪೈವೇರ್ ತರುವ ತೊಡಕು ಮಾತ್ರ ಈಗಲೂ ಬೇರೆಯಾಗಿಯೇ ಉಳಿದಿದೆ, ಏಕೆಂದರೆ ಅದು ಬಳಸುವ ವಿಧಾನಗಳಲ್ಲಿ ಅನೇಕವು ಒಳ್ಳೆಯ ಕಾರ್ಯಕ್ರಮಗಳ ವಿಧಾನಗಳೇ ಆಗಿವೆ.

ಕನ್ನಡದಲ್ಲಿ ಬೆರಳಚ್ಚು ಮಾಡುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ನಾವು ಇಂಗ್ಲಿಷಿನ 'ಕೆ' ಕೀಲಿಯನ್ನು ಒತ್ತಿದರೆ 'ಕ' ಮೂಡುತ್ತದೆ, ಅದರ ಹಿಂದೆಯೇ 'ಐ' ಒತ್ತಿದರೆ ಅದೇ ಅಕ್ಷರ 'ಕಿ' ಆಗುತ್ತದೆ. 'ನುಡಿ' ಅಥವಾ 'ಬರಹ'ದಂತಹ ಕನ್ನಡ ತಂತ್ರಾಂಶ ನಾವು ಒತ್ತಿದ ಪ್ರತಿಯೊಂದು ಕೀಲಿಯನ್ನೂ ಅದು ವರ್ಡ್ ಅಥವಾ ಬ್ರೌಸರಿಗೆ ತಲುಪುವ ಮೊದಲು ನಡುದಾರಿಯಲ್ಲಿ ಹಿಡಿದು, ಹಿಂದಿನ ಅಕ್ಷರ ಯಾವುದಿತ್ತೆಂದು ನೋಡಿ, ಬದಲಿಸಿ ಮುಂದೆ ಕಳುಹಿಸುವುದರಿಂದಲೇ ಇದು ಸಾಧ್ಯವಾಗುತ್ತದೆ. ಕೀಲಿಗಳ್ಳ ಸ್ಪೈವೇರ್, ಅಂದರೆ ಕೀಲಾಗರ್, ಮಾಡುವುದೂ ಇದನ್ನೇ. ಅದೂ ನಡುದಾರಿಯಲ್ಲಿ ಕೀಲಿಯನ್ನು ಹಿಡಿಯುತ್ತದೆ, ಒಂದು ಪ್ರತಿಯನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ, ಅದನ್ನು ಇಂಟರ್ನೆಟ್ ಮೂಲಕ ಬೇರೆಯವರಿಗೆ ಮುಟ್ಟಿಸುತ್ತದೆ. ಮೊದಲನೆಯದು ನಮಗೆ ಗೊತ್ತಿದ್ದು ನಮಗಾಗಿ ಕೆಲಸ ಮಾಡುತ್ತದೆ, ಎರಡನೆಯದು ನಮಗೆ ಗೊತ್ತಿಲ್ಲದೆ ಬೇರೊಬ್ಬರಿಗಾಗಿ ಮಾಡುತ್ತದೆ. ಈ ವ್ಯತ್ಯಾಸ ಇರುವುದು ನಮ್ಮ ಒಪ್ಪಿಗೆಯಲ್ಲಿ, ಮತ್ತು ಯಾರ ಒಪ್ಪಿಗೆ ಇದೆ, ಯಾವುದಕ್ಕೆ ಇದೆ ಎಂಬುದನ್ನು ಆಂಟಿವೈರಸ್ ಎಲ್ಲ ಸಂದರ್ಭಗಳಲ್ಲಿಯೂ ಊಹಿಸಲಾರದು. ಆದ್ದರಿಂದ ಕನ್ನಡ ಬರೆಯುವ ತಂತ್ರಾಂಶವನ್ನು ಅದನ್ನು ರೂಪಿಸಿದವರ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಹುಡುಕಿದಾಗ ಮೊದಲು ಸಿಗುವ, ದೊಡ್ಡ ಡೌನ್‌ಲೋಡ್ ಗುಂಡಿಗಳಿರುವ ತಾಣಗಳಿಂದ ಇಳಿಸಿಕೊಳ್ಳಬಾರದು. ಯೂನಿಕೋಡ್ ಸಾಕು ಎನ್ನುವವರಿಗೆ ಹೊರಗಿನ ತಂತ್ರಾಂಶವೇ ಬೇಕಿಲ್ಲ, ವಿಂಡೋಸ್ 10ರ 2019ರ ಆವೃತ್ತಿಯಿಂದ ಉಚ್ಚಾರಣೆಯಂತೆ ಬರೆಯುವ ಕನ್ನಡ ಕೀಲಿಮಣೆ ಅದರಲ್ಲಿಯೇ ಸಿಗುತ್ತದೆ.

ನಮ್ಮನ್ನು ಕಾಯಲು ಬಂದ ತಂತ್ರಾಂಶವೇ ನಮ್ಮ ವಿವರಗಳನ್ನು ಮಾರಿದ ಪ್ರಸಂಗವೂ ನಡೆದಿದೆ. ಅವಾಸ್ಟ್ ಎಂಬ ಪ್ರಸಿದ್ಧ ಆಂಟಿವೈರಸ್ ಕಂಪನಿ ತನ್ನ ಬಳಕೆದಾರರು ಯಾವ ಯಾವ ತಾಣಗಳನ್ನು ನೋಡಿದರು ಎಂಬ ವಿವರಗಳನ್ನು ಸಂಗ್ರಹಿಸಿ, ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. 2020ರ ಜನವರಿಯಲ್ಲಿ ವಿಷಯ ಬಯಲಾದ ಮೇಲೆ ಆ ಅಂಗಸಂಸ್ಥೆಯನ್ನು ಮುಚ್ಚಲಾಯಿತು, 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಗೆ 1 ಕೋಟಿ 65 ಲಕ್ಷ ಡಾಲರ್ ಕಟ್ಟಲು ಹೇಳಿತು. ಉಚಿತ ಆಂಟಿವೈರಸ್ ಹಾಕಿಕೊಳ್ಳುವಾಗ ಅದು ಕೇಳುವ ಅನುಮತಿಗಳನ್ನು ಓದದೆ 'ಒಪ್ಪಿದೆ' ಎನ್ನಬಾರದು ಎಂದು ನಾನು ಒತ್ತಿ ಹೇಳುವುದಕ್ಕೆ ಈ ಪ್ರಸಂಗವೇ ಕಾರಣ. ಮನೆಬಳಕೆಗೆ ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಸಾಕು ಎಂಬುದು ನನ್ನ ಅಭಿಪ್ರಾಯ. ಹಣ ಕೊಟ್ಟು ಬೇರೊಂದನ್ನು ಕೊಳ್ಳುವವರು ಒಂದನ್ನೇ ಇಟ್ಟುಕೊಳ್ಳಬೇಕು, ಏಕೆಂದರೆ ಎರಡು ಆಂಟಿವೈರಸ್‌ಗಳು ಒಂದೇ ಫೈಲನ್ನು ಏಕಕಾಲದಲ್ಲಿ ತಡೆದು ನೋಡಹೊರಟರೆ ಕಂಪ್ಯೂಟರ್ ತೆವಳುತ್ತದೆ, ಕೆಲವೊಮ್ಮೆ ಸ್ಥಗಿತಗೊಳ್ಳುತ್ತದೆ. ಅವಧಿ ಮುಗಿದ ಆಂಟಿವೈರಸ್ಸನ್ನು ನವೀಕರಿಸುವ ಮನಸ್ಸಿಲ್ಲದಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಬೇಕು, ಆಗ ಡಿಫೆಂಡರ್ ತಾನಾಗಿಯೇ ಕಾವಲಿಗೆ ಮರಳುತ್ತದೆ.

ನಮ್ಮ ಭಾಗದ ವ್ಯಾಪಾರಸ್ಥರ ಮನೆಗಳಲ್ಲಿ ನಾನು ಹೆಚ್ಚು ಚಿಂತೆಯಿಂದ ನೋಡುವುದು ಎನಿಡೆಸ್ಕ್‌ನಂತಹ ದೂರದಿಂದ ನಡೆಸುವ ತಂತ್ರಾಂಶಗಳನ್ನು. ಲೆಕ್ಕದ ತಂತ್ರಾಂಶದಲ್ಲಿ ತೊಂದರೆ ಬಂದರೆ ಹೊಸಪೇಟೆಯಿಂದಲೋ ಹುಬ್ಬಳ್ಳಿಯಿಂದಲೋ ಯಾರಾದರೂ ಬಂದು ಹೋಗುವ ಬದಲು, ಫೋನಿನಲ್ಲಿ ಒಂಬತ್ತೋ ಹತ್ತೋ ಅಂಕಿಗಳ ಸಂಖ್ಯೆಯನ್ನು ಕೇಳಿ, ನಮ್ಮ ಪರದೆಯನ್ನು ಅಲ್ಲಿಂದಲೇ ನೋಡಿ ಸರಿಪಡಿಸುತ್ತಾರೆ. ಇದರಿಂದ ಸಮಯವೂ ಹಣವೂ ಉಳಿಯುತ್ತದೆ ಎಂಬುದು ನಿಜ. ಆದರೆ ಅದೇ ತಂತ್ರಾಂಶದಲ್ಲಿ, ನಾವು ಎದುರಿಗೆ ಇಲ್ಲದಿದ್ದರೂ ಒಳಬರಲು ಒಂದು ಕಾಯಂ ಪಾಸ್‌ವರ್ಡ್ ಇಡುವ ಸೌಲಭ್ಯವಿದೆ. ಪ್ರತಿ ಸಲ ನಮ್ಮ ಒಪ್ಪಿಗೆ ಕೇಳುವುದು ತಾಪತ್ರಯವೆಂದು ಕೆಲವರು ಅದನ್ನು ಇಟ್ಟು ಹೋಗುತ್ತಾರೆ, ಆ ಹುಡುಗರು ಕೆಲಸ ಬಿಟ್ಟು ಹೋದ ಮೇಲೂ ಆ ಪಾಸ್‌ವರ್ಡ್ ಉಳಿದಿರುತ್ತದೆ. ಇದನ್ನು ಯಾವ ಆಂಟಿವೈರಸ್ಸೂ ಸ್ಪೈವೇರ್ ಎಂದು ಹೇಳಲಾರದು, ಏಕೆಂದರೆ ತಂತ್ರಾಂಶ ಅಸಲಿಯಾದದ್ದು ಮತ್ತು ಅದನ್ನು ಹಾಕಿಸಿಕೊಂಡವರು ನಾವೇ. ಸೆಟ್ಟಿಂಗ್ಸಿನಲ್ಲಿ 'ಅನ್‌ಅಟೆಂಡೆಡ್ ಆ್ಯಕ್ಸೆಸ್' ಎಂಬುದು ಚಾಲ್ತಿಯಲ್ಲಿದೆಯೇ ಎಂದು ನೋಡಿ ತೆಗೆದುಹಾಕಬೇಕು, ಕೆಲಸ ಮುಗಿದ ಮೇಲೆ ಸಾಧ್ಯವಾದರೆ ಆ ತಂತ್ರಾಂಶವನ್ನೇ ತೆಗೆಯಬೇಕು. ನಾನು ಗಿರಣಿಯವರಿಗೆ ಇದನ್ನು ಬರೆದುಕೊಟ್ಟಿದ್ದೇನೆ, ಕೆಲವರು ಪಾಲಿಸುತ್ತಿದ್ದಾರೆ.

ಈಚಿನ ವರ್ಷಗಳಲ್ಲಿ ಹೆಚ್ಚಾಗಿರುವುದು ಸ್ಟೀಲರ್ ಎಂಬ ಬಗೆಯ ಸ್ಪೈವೇರ್. ಹಿಂದಿನ ಕೀಲಾಗರ್ ತಿಂಗಳುಗಟ್ಟಲೆ ಅಡಗಿ ಕುಳಿತು ನಾವು ಒತ್ತಿದ್ದನ್ನು ದಾಖಲಿಸಿಕೊಳ್ಳುತ್ತಿತ್ತು. ಸ್ಟೀಲರಿಗೆ ಅಷ್ಟು ತಾಳ್ಮೆ ಬೇಕಾಗಿಲ್ಲ, ಅದು ಕೆಲವೇ ನಿಮಿಷಗಳಲ್ಲಿ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಕುಕಿಗಳನ್ನೂ ಬಾಚಿಕೊಂಡು ಹೋಗುತ್ತದೆ. ನಾವು ಒಮ್ಮೆ ಪಾಸ್‌ವರ್ಡ್ ಮತ್ತು ಒಟಿಪಿ ಕೊಟ್ಟು ಒಳಹೋದ ಮೇಲೆ, ಪ್ರತಿ ಪುಟಕ್ಕೂ ಮತ್ತೆ ಕೇಳದಿರಲೆಂದು ತಾಣವು ನಮ್ಮ ಬ್ರೌಸರಿನಲ್ಲಿ ಕುಕಿ ಎಂಬ ಒಂದು ಗುರುತನ್ನು ಇಡುತ್ತದೆ. ಇದು ಜಾತ್ರೆಯ ತೊಟ್ಟಿಲಾಟದವರು ಹಣ ಪಡೆದು ಕೈಯ ಮೇಲೆ ಹಾಕುವ ಮುದ್ರೆಯ ಹಾಗೆ, ಮುದ್ರೆ ಇರುವವರನ್ನು ಮತ್ತೆ ಚೀಟಿ ಕೇಳುವುದಿಲ್ಲ. ಆ ಕುಕಿಯನ್ನು ಕದ್ದವನು ನಮ್ಮ ಇಮೇಲನ್ನು ಒಟಿಪಿ ಇಲ್ಲದೆಯೇ ತೆರೆಯಬಲ್ಲ. ಲುಮ್ಮಾ ಎಂಬ ಇಂತಹ ಒಂದು ಸ್ಟೀಲರ್ 2025ರ ಮಾರ್ಚ್ 16ರಿಂದ ಮೇ 16ರ ನಡುವೆ ಜಗತ್ತಿನಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಿಗೆ ತಗುಲಿದ್ದನ್ನು ಮೈಕ್ರೋಸಾಫ್ಟ್ ಗುರುತಿಸಿ, ಪೊಲೀಸ್ ಸಂಸ್ಥೆಗಳೊಂದಿಗೆ ಸೇರಿ ಅದರ ಜಾಲವನ್ನು ಮುರಿಯಿತು. ಆದರೂ ಆ ಬಗೆಯ ಕಳ್ಳತನ ನಿಂತಿಲ್ಲ.

ಸ್ಟೀಲರ್ ಒಳಬರುವ ಒಂದು ದಾರಿಯನ್ನು ಮಕ್ಕಳಿಗೆ ಕಡ್ಡಾಯವಾಗಿ ಹೇಳಿಕೊಡಬೇಕು. ಯಾವುದೋ ತಾಣದಲ್ಲಿ 'ನೀವು ಮನುಷ್ಯರೆಂದು ದೃಢಪಡಿಸಿ' ಎಂಬ ಚೌಕ ಕಾಣಿಸುತ್ತದೆ. ಅದನ್ನು ಒತ್ತಿದ ಕೂಡಲೇ ನಮಗೆ ಗೊತ್ತಾಗದಂತೆ ಒಂದು ಆಜ್ಞೆ, ನಕಲು ಮಾಡಿದ್ದು ತಾತ್ಕಾಲಿಕವಾಗಿ ಉಳಿಯುವ ಕ್ಲಿಪ್‌ಬೋರ್ಡಿಗೆ, ಸೇರಿರುತ್ತದೆ. ಬಳಿಕ ಆ ಪುಟ ವಿಂಡೋಸ್ ಕೀಲಿಯ ಜೊತೆ 'ಆರ್' ಒತ್ತಿ, ಆಮೇಲೆ ಕಂಟ್ರೋಲ್ ಜೊತೆ 'ವಿ' ಒತ್ತಿ, ಕೊನೆಗೆ ಎಂಟರ್ ಒತ್ತಿ ಎಂದು ಮೂರು ಹಂತಗಳನ್ನು ಸೂಚಿಸುತ್ತದೆ. ಹಾಗೆ ಮಾಡಿದರೆ ಕಳ್ಳನ ಆಜ್ಞೆಯನ್ನು ನಮ್ಮ ಕೈಯಿಂದಲೇ ವಿಂಡೋಸಿಗೆ ಕೊಟ್ಟಂತಾಗುತ್ತದೆ. ನಿಜವಾದ ಯಾವ ತಾಣವೂ ಮನುಷ್ಯರೆಂದು ತಿಳಿಯಲು ವಿಂಡೋಸಿನ ರನ್ ಪೆಟ್ಟಿಗೆಯನ್ನು ತೆರೆಯಲು ಹೇಳುವುದಿಲ್ಲ.

ಪರದೆಯ ಬಲಮೂಲೆಯಲ್ಲಿ 'ನಿಮ್ಮ ಕಂಪ್ಯೂಟರಿನಲ್ಲಿ ವೈರಸ್‌ಗಳಿವೆ, ಕೂಡಲೇ ನವೀಕರಿಸಿ' ಎಂದು ಮತ್ತೆ ಮತ್ತೆ ಬರುವ ಸೂಚನೆಗಳು ಹೆಚ್ಚಿನ ಸಂದರ್ಭಗಳಲ್ಲಿ ಆಂಟಿವೈರಸ್ಸಿನವು ಆಗಿರುವುದಿಲ್ಲ. ಎಂದೋ ಒಂದು ತಾಣಕ್ಕೆ 'ಅಲೋ' ಎಂದು ಒತ್ತಿದ್ದರ ಫಲವಾಗಿ ಬ್ರೌಸರ್ ಅವುಗಳನ್ನು ತೋರಿಸುತ್ತಿರುತ್ತದೆ. ಸೂಚನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬ್ರೌಸರಿನ ಹೆಸರೂ ತಾಣದ ವಿಳಾಸವೂ ಇರುತ್ತವೆ. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ತಾಣಗಳ ನೋಟಿಫಿಕೇಶನ್ ಪಟ್ಟಿಗೆ ಹೋಗಿ ಪರಿಚಯವಿಲ್ಲದ ಹೆಸರುಗಳನ್ನು ತೆಗೆದರೆ ಅವು ನಿಲ್ಲುತ್ತವೆ, ಅದಕ್ಕಾಗಿ ಯಾರಿಗೂ ಹಣ ಕೊಡಬೇಕಾಗಿಲ್ಲ. ಅಲ್ಲಿಯೇ ಎಕ್ಸ್‌ಟೆನ್ಷನ್‌ಗಳ, ಅಂದರೆ ಬ್ರೌಸರಿಗೆ ನಾವು ಸೇರಿಸಿಕೊಂಡ ಸಣ್ಣ ಕಾರ್ಯಕ್ರಮಗಳ, ಪಟ್ಟಿಯನ್ನೂ ನೋಡಬೇಕು. ಎಲ್ಲ ತಾಣಗಳಲ್ಲಿನ ನಿಮ್ಮ ಎಲ್ಲ ಮಾಹಿತಿಯನ್ನು ಓದುವ ಮತ್ತು ಬದಲಿಸುವ ಅನುಮತಿಯನ್ನು ಒಂದು ಸಣ್ಣ ಪಿಡಿಎಫ್ ಪರಿವರ್ತಕಕ್ಕೆ ಕೊಟ್ಟಿದ್ದರೆ, ಬ್ಯಾಂಕಿನ ಪುಟವನ್ನು ಓದುವ ಅನುಮತಿಯೂ ಅದರಲ್ಲಿ ಸೇರಿದೆ.

ಪೆನ್‌ಡ್ರೈವಿನ ವಿಷಯ ನಮ್ಮ ಊರುಗಳಲ್ಲಿ ಇನ್ನೂ ಹಳೆಯದಾಗಿಲ್ಲ. ತಹಶೀಲ್ದಾರ್ ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಗಳಲ್ಲಿ ದಿನವಿಡೀ ಒಂದೇ ಕಂಪ್ಯೂಟರಿಗೆ ಊರಿನವರೆಲ್ಲರ ಪೆನ್‌ಡ್ರೈವುಗಳು ಹೋಗಿ ಬರುತ್ತವೆ. ಪಹಣಿಯನ್ನೋ ಅಂಕಪಟ್ಟಿಯನ್ನೋ ಮುದ್ರಿಸಿಕೊಂಡು ಮನೆಗೆ ಬಂದು ನೋಡಿದರೆ ಫೋಲ್ಡರುಗಳ ಹೆಸರುಗಳೆಲ್ಲ ಹಾಗೆಯೇ ಇರುತ್ತವೆ, ಆದರೆ ಪ್ರತಿಯೊಂದರ ಚಿತ್ರದ ಎಡಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತು ಬಂದಿರುತ್ತದೆ, ಗಾತ್ರ ಒಂದೆರಡು ಕೆಬಿ ಮಾತ್ರ ಇರುತ್ತದೆ. ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತಾರೆ. ಅದನ್ನು ಒತ್ತಿದರೆ ಮೊದಲು ದುಷ್ಟ ಕಾರ್ಯಕ್ರಮ ಓಡುತ್ತದೆ, ಆಮೇಲೆ ನಮ್ಮ ಫೋಲ್ಡರೂ ತೆರೆದುಕೊಳ್ಳುತ್ತದೆ, ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ. 2008ರಲ್ಲಿ ಹರಡಿದ ಕಾನ್ಫಿಕರ್ ಎಂಬ ದುಷ್ಟ ಕಾರ್ಯಕ್ರಮ, ಪೆನ್‌ಡ್ರೈವ್ ಚುಚ್ಚಿದ ಕೂಡಲೇ ತಾನಾಗಿ ಓಡುವ ಆಟೋರನ್ ಸೌಲಭ್ಯವನ್ನೂ ಬಳಸಿಕೊಂಡಿತ್ತು. ಹಳೆಯ ವಿಂಡೋಸ್‌ಗಳಲ್ಲಿ ಆ ದಾರಿಯನ್ನು ಮೈಕ್ರೋಸಾಫ್ಟ್ 2011ರ ಅಪ್‌ಡೇಟಿನಲ್ಲಿ ಮುಚ್ಚಿತು. ಶಾರ್ಟ್‌ಕಟ್ಟಿನ ಉಪಾಯದಲ್ಲಿ ಒತ್ತುವ ಕೆಲಸವನ್ನು ನಮ್ಮಿಂದಲೇ ಮಾಡಿಸಿಕೊಳ್ಳುತ್ತಾರೆ. ಬಾಣದ ಗುರುತು ಕಂಡರೆ ಯಾವುದನ್ನೂ ತೆರೆಯದೆ ಮೊದಲು ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಿಸಿ, ಬಳಿಕ 'ವ್ಯೂ' ಪಟ್ಟಿಯಲ್ಲಿ ಅಡಗಿದ ಫೈಲುಗಳನ್ನು ಕಾಣುವಂತೆ ಮಾಡಿಕೊಂಡು ಹಿಂಪಡೆಯಬಹುದು, ನಮ್ಮ ದಾಖಲೆಗಳು ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಅದೇ 'ವ್ಯೂ' ಪಟ್ಟಿಯಲ್ಲಿ ಫೈಲ್ ಹೆಸರಿನ ಬಾಲವನ್ನು, ಅಂದರೆ ಎಕ್ಸ್‌ಟೆನ್ಷನ್ ಭಾಗವನ್ನು, ತೋರಿಸುವ ಆಯ್ಕೆಯನ್ನೂ ಹಾಕಿಕೊಳ್ಳಬೇಕು. ವಿಂಡೋಸ್ ಅದನ್ನು ಮುಚ್ಚಿಡುವುದರಿಂದಲೇ 'ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ' ಎಂಬ ಕಾರ್ಯಕ್ರಮ ಬರೀ ಪಿಡಿಎಫ್ ಆಗಿ ಕಾಣುತ್ತದೆ.

ಅಪ್‌ಡೇಟಿನ ಬಗ್ಗೆ ಒಂದು ಮಾತು. ಮೊಬೈಲಿನ ಹಾಟ್‌ಸ್ಪಾಟಿನಿಂದ ಇಂಟರ್ನೆಟ್ ಪಡೆಯುವ ಮನೆಗಳಲ್ಲಿ ಆ ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಿದ್ದರೆ, ಡೇಟಾ ಉಳಿಸಲೆಂದು ಡಿಫೆಂಡರ್ ಹೊಸ ಗುರುತುಗಳನ್ನು ತರಿಸಿಕೊಳ್ಳದೆ ಇರಬಹುದು. ಆಗ 'ಪ್ರೊಟೆಕ್ಷನ್ ಅಪ್‌ಡೇಟ್ಸ್' ಎಂಬಲ್ಲಿ ಕೊನೆಯ ದಿನಾಂಕ ನೋಡಿ ನಾವೇ ತರಿಸಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲಿ ಡಿಫೆಂಡರಿನ ಗುರುತುಗಳು 2028ರವರೆಗೆ ಬರುತ್ತವೆ ಎಂದು ಮೈಕ್ರೋಸಾಫ್ಟ್ ಹೇಳಿದೆ, ಆದರೆ ವಿಂಡೋಸಿನಲ್ಲಿಯೇ ಇರುವ ದೋಷಗಳನ್ನು ಆ ಗುರುತುಗಳು ಸರಿಪಡಿಸುವುದಿಲ್ಲ.

ಸಂಶಯದ ಫೈಲೊಂದನ್ನು ವೈರಸ್‌ಟೋಟಲ್ ಎಂಬ ತಾಣಕ್ಕೆ ಹಾಕಿದರೆ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಅಲ್ಲಿಗೆ ಹಾಕಿದ ಫೈಲನ್ನು ಬೇರೆ ಕಂಪನಿಗಳೊಂದಿಗೆ ಹಂಚಿಕೊಳ್ಳಲಾಗುತ್ತದೆ, ಆದ್ದರಿಂದ ಆಧಾರ್ ಪ್ರತಿಯನ್ನಾಗಲಿ ಗಿರಾಕಿಗಳ ಲೆಕ್ಕವನ್ನಾಗಲಿ ಎಂದಿಗೂ ಹಾಕಬಾರದು. ಮಕ್ಕಳಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲದ ಪ್ರತ್ಯೇಕ ಖಾತೆ ಮಾಡಿಕೊಡುವುದು ನಾನು ಕಂಡ ಉಪಾಯಗಳಲ್ಲೆಲ್ಲ ಹೆಚ್ಚು ಫಲ ಕೊಟ್ಟದ್ದು. ಆಟದ ಹೆಸರಿನಲ್ಲಿ ಏನನ್ನಾದರೂ ಹಾಕಹೊರಟರೆ ಕಂಪ್ಯೂಟರ್ ಸಾಮಾನ್ಯವಾಗಿ ನನ್ನ ಪಾಸ್‌ವರ್ಡ್ ಕೇಳುತ್ತದೆ, ಮಗಳು "ಅವ್ವಾ, ಇದು ಏನೋ ಕೇಳಾಕತ್ತೈತಿ" ಎಂದು ಕರೆಯುತ್ತಾಳೆ, ಇಬ್ಬರೂ ಕುಳಿತು ಓದುತ್ತೇವೆ.

ಸ್ಪೈವೇರ್ ಒಳಬಂದಿರುವುದು ಖಚಿತವಾದರೆ ಮೊದಲು ಇಂಟರ್ನೆಟ್ ಸಂಪರ್ಕವನ್ನು ತೆಗೆಯಬೇಕು. ಪಾಸ್‌ವರ್ಡ್‌ಗಳನ್ನು ಅದೇ ಕಂಪ್ಯೂಟರಿನಲ್ಲಿ ಕುಳಿತು ಬದಲಿಸಿದರೆ ಹೊಸ ಪಾಸ್‌ವರ್ಡ್ ಕೂಡ ಕಳ್ಳನಿಗೆ ತಲುಪುತ್ತದೆ. ಬೇರೊಂದು ಸ್ವಚ್ಛ ಫೋನಿನಿಂದ ಇಮೇಲಿನ ಪಾಸ್‌ವರ್ಡನ್ನು ಎಲ್ಲಕ್ಕಿಂತ ಮೊದಲು ಬದಲಿಸಿ, ಎಲ್ಲ ಸಾಧನಗಳಿಂದ ಸೈನ್‌ಔಟ್ ಆಗುವ ಆಯ್ಕೆಯನ್ನು ಒತ್ತಬೇಕು, ಕದ್ದ ಕುಕಿ ಆಗ ಕೆಲಸಕ್ಕೆ ಬಾರದಂತಾಗುತ್ತದೆ. ಬಳಿಕ ಬ್ಯಾಂಕಿನದು, ಜಿಎಸ್‌ಟಿಯದು. ವಿಂಡೋಸ್ ಆರಂಭವಾಗುವ ಮೊದಲೇ ನಡೆಯುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಸುಮಾರು 15 ನಿಮಿಷ ತೆಗೆದುಕೊಳ್ಳುತ್ತದೆ ಮತ್ತು ಸಾಮಾನ್ಯ ಸ್ಕ್ಯಾನಿಗೆ ಸಿಗದೆ ಅಡಗಿದ್ದನ್ನು ಹಿಡಿಯಬಲ್ಲದು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿಯೂ ಉಚಿತ ಶುದ್ಧೀಕರಣ ಸಾಧನಗಳು ಸಿಗುತ್ತವೆ. ಖಾತೆಯಿಂದ ಹಣ ಹೋಗಿದ್ದರೆ ಮಾತ್ರ ಇವೆಲ್ಲಕ್ಕಿಂತ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಏಕೆಂದರೆ ಹಣ ಮುಂದಿನ ಖಾತೆಗಳಿಗೆ ಸರಿಯುವ ಮೊದಲೇ ಅದನ್ನು ತಡೆಹಿಡಿಯುವ ಅವಕಾಶ ಆಗ ಇರುತ್ತದೆ. ಲಿಖಿತ ದೂರು ಕೊಡಲು ಕೊಪ್ಪಳದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗುವವರು ಬ್ಯಾಂಕ್ ಸ್ಟೇಟ್‌ಮೆಂಟನ್ನೂ ವಹಿವಾಟಿನ ಸಂಖ್ಯೆಯನ್ನೂ ಜೊತೆಗೆ ಒಯ್ಯಬೇಕು. ಗಾಬರಿಯಲ್ಲಿ ಕಂಪ್ಯೂಟರನ್ನು ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಮಾಡಿಸಿದರೆ ತನಿಖೆಗೆ ಬೇಕಾದ ಕುರುಹುಗಳು ಅಳಿಸಿಹೋಗುತ್ತವೆ, ಆ ಕೆಲಸವನ್ನು ದೂರು ದಾಖಲಾದ ಮೇಲೆ ಪೊಲೀಸರನ್ನು ಕೇಳಿಯೇ ಮಾಡಿಸಬೇಕು.